ಬಸಲಿಂಗಪ್ಪನ ಒದ್ದೆ ಬ್ರಶ್ಶು

ಬಸಲಿಂಗಪ್ಪನ ಬ್ರಶ್ಶು ಇವತ್ತೂ ಒದ್ದೆಯಾಗಿತ್ತು. ಅವನಿನ್ನೂ ಮುಖಕ್ಕೆ ನೀರು ಮುಟ್ಟಿಸಿರಲಿಲ್ಲ. ಎತ್ತಿ ನೋಡಿದರೆ ಅದರ ಎಳೆಗಳೆಲ್ಲ ಎಮ್ಮೆ ಹೊಕ್ಕ ಭತ್ತದ ಗದ್ದೆಯಂತೆ ಅಡ್ಡ ಬಿದ್ದಿದ್ದವು.

"ಯಾರೋ ನನ್ನ ಬ್ರಶ್ಶಿಲೆ ಹಲ್ಲು ತಿಕ್ಕಾಕತ್ತಾರ," ಎಂದು ಹೆಂಡತಿಯ ಮುಖ ನೋಡಿದ.

"ನನ್ನ ಕಡೆ ಯಾಕ ನೋಡ್ತೀರಿ?" ಎಂದಳು ಸಪ್ನಾ, ರೊಟ್ಟಿ ಬಡಿಯುತ್ತ. "ನಿಮ್ಮ ಬಾಯಾಗ ಹೋಗಿ ಬಂದದ್ದನ್ನ ನಾ ಚಿಮಟಿಗಿಲೆನೂ ಮುಟ್ಟಂಗಿಲ್ಲ."

ಹೊಸದು ತರಲು ಹೊತ್ತಿರಲಿಲ್ಲ. ಐದು ವರ್ಷದ ಮಗಳು ಸಾಕ್ಷಿ, ಅಪ್ಪ ಎದುರಿಗೆ ನಿಂತು ತಿಕ್ಕದಿದ್ದರೆ ತಾನೂ ಬಾಯಿ ತೆರೆಯುತ್ತಿರಲಿಲ್ಲ. ಅವಳ ದವಡೆ ಹಲ್ಲಿನಲ್ಲಿ ಕರಿ ಚುಕ್ಕೆ ಬಿದ್ದಿತ್ತು. ಬೆಳಗಾವಿಯ ಹಲ್ಲಿನ ಡಾಕ್ಟರಮ್ಮ, "ಮೊದಲ ಗೊಂಬಿ ಹಲ್ಲು ತಿಕ್ಕಲಿ, ಆಮ್ಯಾಲ ತನ್ನ ಹಲ್ಲು ತಿಕ್ಕೊಳ್ಳಲಿ. ಹಂಗ ರೂಢಿ ಬೀಳತೈತಿ," ಎಂದಿದ್ದರು. "ಗೊಂಬಿ ಗಿಂಬಿ ಬ್ಯಾಡ್ರಿ, ಮನ್ಯಾಗ ಇದ್ದದ್ರಾಗ ಕಲೀತಾಳ," ಎಂದು ಬಸಲಿಂಗಪ್ಪ ಕಡ್ಡಿ ಮುರಿದಂತೆ ಹೇಳಿ ಬಂದಿದ್ದ. ಇವತ್ತು ಮತ್ತೆ ತೋರಿಸುವ ದಿನ. ಚುಕ್ಕೆ ಬೆಳೆದಿದ್ದರೆ ಹಲ್ಲು ಕೊರೆಯಬೇಕು. ಮಗಳ ಚೀರಾಟ ಅವನಿಂದ ಕೇಳಲಾಗುತ್ತಿರಲಿಲ್ಲ.

ಕಣ್ಣು ಮುಚ್ಚಿ ಅದೇ ಬ್ರಶ್ಶನ್ನು ಬಾಯಿಗಿಟ್ಟ. ಏನೋ ಹಸಿ ಹುಲ್ಲಿನ ವಾಸನೆ.

ಬಾಳಪ್ಪ! ಬಾಜು ಮನೆಯ ಬಾಳಪ್ಪ ದಿನಾ ಇವನ ಹಿತ್ತಿಲ ನಳಕ್ಕೆ ಬರುತ್ತಿದ್ದ. ಬರುವಾಗ ಇವನ ಕರುವಿಗೆ ಒಂದು ಹಿಡಿ ಹುಲ್ಲನ್ನೂ ತರುತ್ತಿದ್ದ. ಪುಕ್ಕಟೆ ಹುಲ್ಲು ತರುವವನನ್ನು ನಂಬುವುದು ಹೇಗೆ?

"ಬಾಳಣ್ಣಾ, ಬಾಯಿ ತಗಿ."

"ಯಾಕೋ?"

"ತಗಿ ಅಂದ್ನೆಲ್ಲ."

ಬಾಳಪ್ಪ ತೆರೆದ. ಒಂದೂ ಹಲ್ಲಿರಲಿಲ್ಲ. ಬಾಡಿಗೆಯವರು ಬಿಟ್ಟುಹೋದ ಮನೆಯಂತೆ ಖಾಲಿ.

"ನಿನ್ನ ಬ್ರಶ್ ತಗೊಂಡು ನಾ ಏನು ವಸಡಿಗೆ ಸುಣ್ಣಾ ಹಚ್ಚಲೇನೋ?"

ಗೋಡೆಯಾಚೆಯಿಂದ ನೆರೆಮನೆಯ ಪದ್ಮವ್ವ ತಲೆ ಹಾಕಿದಳು. "ನನ್ನ ಬಾಯೂ ನೋಡ್ತೀ ಏನಪಾ? ನಾ ಮಿಶ್ರಿ ತಿಕ್ಕಾಕಿ," ಎಂದು ತಂಬಾಕಿನ ಪುಡಿ ಹತ್ತಿದ ಕರಿ ಬೆರಳು ತೋರಿಸಿದಳು. "ನಿನ್ನ ಹೇಣ್ತಿ ತಮ್ಮ ಬಂದಾನಲ್ಲ, ಅವನ ಹಲ್ಲು ಭಾಳ ಹೊಳೀತಾವ ನೋಡು."

ಹೌದಲ್ಲ. ಬಸಲಿಂಗಪ್ಪ ಒಳಗೆ ನುಗ್ಗಿ ಆಕಾಶನ ಚೀಲ ಜಾಡಿಸಿದ. ಆಕಾಶನ ಸ್ವಂತ ಬ್ರಶ್ಶು, ಡಬ್ಬಿ ಸಮೇತ, ಕೆಳಗೆ ಬಿತ್ತು.

"ಮಾಮಾ, ಕಳ್ಳ ಅನ್ನು, ತಡಕೋತೇನಿ," ಎಂದ ಆಕಾಶ. "ನಿನ್ನ ಬ್ರಶ್ ಬಾಯಾಗ ಇಟ್ಕೊಂಡೆ ಅಂತ ಮಾತ್ರ ಅನ್ನಬ್ಯಾಡ. ನನಗ ಹೆಣ್ಣು ನೋಡಾಕತ್ತಾರ."

ನಾಷ್ಟಾ ಮಾಡದೆ ಆಕಾಶ ತನ್ನೂರು ಪಾರಿಶ್ವಾಡದ ಬಸ್ಸು ಹತ್ತಿದ. ಸಪ್ನಾ ಮಾತು ಬಿಟ್ಟಳು. ಬಸಲಿಂಗಪ್ಪ ಮಗಳೊಬ್ಬಳನ್ನೇ ಕರೆದುಕೊಂಡು ಖಾನಾಪುರದಿಂದ ಬೆಳಗಾವಿಗೆ ಹೊರಟ. ಬಸ್ಸಿನಲ್ಲಿ ನಕ್ಕವರ ಹಲ್ಲನ್ನೆಲ್ಲ ಗುರಾಯಿಸುತ್ತ ಹೋದ.

"ಬರ್ರಿ, ಕುಂದರ್ರಿ," ಎಂದ ಡಾಕ್ಟರಮ್ಮ ಸಾಕ್ಷಿಯ ಬಾಯಿಗೆ ಬ್ಯಾಟರಿ ಬೆಳಕು ಬಿಟ್ಟರು. "ಚುಕ್ಕಿ ಬೆಳದಿಲ್ಲ. ಕೊರಿಯೂದು ಬ್ಯಾಡ. ಕಡೀಕ ಗೊಂಬಿ ತಂದ್ರಿ?"

ಬಸಲಿಂಗಪ್ಪ ಎದೆಯುಬ್ಬಿಸುವಷ್ಟರಲ್ಲಿ ಸಾಕ್ಷಿ ಬಾಯಿಬಿಟ್ಟಳು. "ಇಲ್ರಿ. ಮನ್ಯಾಗ ಇದ್ದದ್ರಾಗ ಕಲಿ ಅಂದಾನ್ರಿ ಅಪ್ಪ. ಅದಕ ದಿನಾ ಮೊದಲ ಗೌರಿ ಹಲ್ಲು ತಿಕ್ಕತೇನಿ."

"ಗೌರಿ ಯಾರವಾ, ತಂಗೀನ?"

"ನಮ್ಮ ಆಕಳ ಕರಾ. ಆಕಿ ಬಾಯಿಗೆ ನನ್ನ ಬ್ರಶ್ ಸಣ್ಣದಾಗತೈತಿ. ಅಪ್ಪಂದು ಬರೋಬ್ಬರಿ ಆಗತೈತಿ."

ಡಾಕ್ಟರಮ್ಮ ಒಂದು ಲೋಟ ನೀರನ್ನು ಬಸಲಿಂಗಪ್ಪನ ಕಡೆ ಸರಿಸಿದರು. ಅವನು ಮುಕ್ಕಳಿಸಿ ಮುಕ್ಕಳಿಸಿ ಸುಸ್ತಾದ ಮೇಲೆ ಹೇಳಿದರು: "ರೂಢಿ ಈಗ ಬಿದ್ದೈತಿ. ಬಿಡಸಬ್ಯಾಡ್ರಿ. ಬಿಡಿಸಿದ್ರ ಕೊರಿಯೂದ ಗತಿ."

ಬರುವಾಗ ಬಸಲಿಂಗಪ್ಪ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಚಲೋ ಬ್ರಶ್ಶು ಆರಿಸಿ ತಂದ. ಮನೆಗೆ ಬಂದವನೇ ಹಳೆಯದನ್ನು ಮಗಳ ಕೈಗಿಟ್ಟು, "ಇದು ಗೌರೀದು, ಹೊಸಾದು ನಂದು, ತಿಳೀತಿಲ್ಲೊ?" ಎಂದು ಹೇಳಿ, ಬಾಳಪ್ಪನಲ್ಲಿ ತಪ್ಪಾಯಿತು ಎನ್ನಲು ಹೋದ.

ಮರಳಿ ಬಂದಾಗ ಕತ್ತಲಾಗುತ್ತಿತ್ತು. ಹಿತ್ತಿಲಲ್ಲಿ ಗೌರಿ ಕಣ್ಣು ಅರೆಮುಚ್ಚಿ, ಮದುವಣಗಿತ್ತಿಯಂತೆ ಗಲ್ಲ ಎತ್ತಿ ನಿಂತಿತ್ತು. ಅದರ ಬಾಯಲ್ಲಿ ಹೊಸ ಬ್ರಶ್ಶಿತ್ತು.

"ಸುಮ್ಮ ತೋರಿಸಿದ್ನಿ ಅಪ್ಪಾ," ಎಂದಳು ಸಾಕ್ಷಿ. "ಆಕಿಗೆ ಇದರ ರುಚಿ ಹತ್ತಿಬಿಡ್ತು. ಇನ್ನ ಹಳೇದಕ ಬಾಯಿನ ತಗ್ಯಾಂಗಿಲ್ಲ."

ಹಳೆಯ ಬ್ರಶ್ಶಿಗೆ ಪೇಸ್ಟು ಹಚ್ಚಿ ಅವನ ಕೈಗೆ ಕೊಟ್ಟಳು. ತನ್ನ ಪುಟ್ಟ ಬ್ರಶ್ಶು ಹಿಡಿದು ಎದುರಿಗೆ ನಿಂತಳು.

"ತಿಕ್ಕೊ ಅಪ್ಪಾ. ನೀ ತಿಕ್ಕಿದ್ರ ನಾ ತಿಕ್ಕತೇನಿ."