ಅತ್ತೆಯ ಅಲೆಮಾರಿ ಕುಂಡಗಳು

ನನ್ನ ಸೋದರತ್ತೆಯ ಮನೆಯಲ್ಲಿ ಕುಂಡಗಳಿಗೆ ಕಾಲಿದ್ದವು. ನಂಬದಿದ್ದರೆ ಬಿಡಿ, ನಮ್ಮ ಮಾವನೂ ಮೊದಮೊದಲು ನಂಬಿರಲಿಲ್ಲ. ಬನಶಂಕರಿಯ ಆ ಮನೆಯಲ್ಲಿ ಬೆಳಗಿನ ಕಾಫಿ ಹೊತ್ತಿಗೆ ಕಾಂಪೌಂಡ್ ಗೋಡೆಯ ಮೇಲಿದ್ದ ಕುಂಡ ತಿಂಡಿಯ ಹೊತ್ತಿಗೆ ಮೆಟ್ಟಿಲಿಗೆ ಇಳಿದಿರುತ್ತಿತ್ತು. ಊಟದ ಹೊತ್ತಿಗೆ ಟೀವಿ ಮೇಲೆ ಹತ್ತಿ ಕೂತಿರುತ್ತಿತ್ತು. ಸಂಜೆ ಹುಡುಕಿದರೆ ಬಚ್ಚಲಮನೆ ಕಿಟಕಿಯಲ್ಲಿ!

ಎಲ್ಲ ಅತ್ತೆಯ ಕೈವಾಡ. ತೊಂಬತ್ತರ ದಶಕದಲ್ಲಿ ಯಾರೋ ಪರಿಚಯದವರು ಅವರಿಗೊಂದು ಸಕ್ಯುಲೆಂಟ್ ಕೊಟ್ಟರು. ಎಲೆಯೆಲ್ಲ ಊದಿಕೊಂಡು ಗುಂಡಗುಂಡಗಿರುವ, ಕಳ್ಳಿಯ ನೆಂಟನಂಥ ಗಿಡ. ಆ ಹೆಸರು ನಾಲಿಗೆಗೆ ತೊಡರುತ್ತದೆಂದು ಅತ್ತೆ ಅದಕ್ಕೆ 'ದಪ್ಪೆಲೆ' ಎಂದು ನಾಮಕರಣ ಮಾಡಿದರು. ಒಂದು ಎಲೆ ಕಿತ್ತು ಮಣ್ಣಿನ ಮೇಲೆ ಎಸೆದರೂ ಮರಿ ಹಾಕುವ ಜಾತಿ ಅದು. ನೋಡನೋಡುತ್ತಾ ಆ ಮನೆಯಲ್ಲಿ ಮನುಷ್ಯರಿಗೆ ಜಾಗ ಕಮ್ಮಿಯಾಯಿತು.

ಬರೀ ಬೆಳೆಸಿದರೆ ಸಾಕೇ? ಅಲಂಕಾರ ಬೇಡವೇ? ಗುಲಾಬಿಯ ಹಾಗೆ ಅರಳಿದ್ದು ನಡುವೆ, ಮಣಿಸರದ ಹಾಗೆ ಇಳಿಬೀಳುವುದು ಅಂಚಿಗೆ, ಬುಡಕ್ಕೆ ಅಕ್ವೇರಿಯಂ ಅಂಗಡಿಯಿಂದ ತಂದ ಬಿಳಿ ಕಲ್ಲು. ಅಬ್ಬ, ಮುಗಿಯಿತು ಅನ್ನುವಷ್ಟರಲ್ಲಿ ಹಿಂದೆ ಸರಿದು, ಸೊಂಟಕ್ಕೆ ಕೈಯಿಟ್ಟು ನೋಡಿ, "ಊಹೂಂ, ಏನೋ ಸರಿಯಿಲ್ಲ" ಎಂದು ಎಲ್ಲವನ್ನೂ ಕಿತ್ತು ಮತ್ತೆ ಶುರು! ಮದುವೆ ಹೆಣ್ಣಿಗೂ ಯಾರೂ ಅಷ್ಟು ಸಲ ಜಡೆ ಬಿಚ್ಚಿ ಹೆಣೆದಿರಲಾರರು.

ಒಂದು ಭಾನುವಾರ ಮಾವ ಪೇಪರ್ ಹಿಡಿದು ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತವರು ಚಂಗನೆ ಎದ್ದರು. ಕೆಳಗೆ ಕುಂಡ. ಪುಣ್ಯಕ್ಕೆ ಮುಳ್ಳಿಲ್ಲದ ಜಾತಿ.

"ನೋಡ್ಕೊಂಡು ಕೂತ್ಕೋಬಾರ್ದಾ?" ಅತ್ತೆ ಗಿಡವನ್ನು ಸವರುತ್ತಾ ಗದರಿದರು.

"ಕಾಫಿ ಲೋಟ ಇಟ್ಟು ಬರೋಣ ಅಂತ ಈಗ ತಾನೇ ಎದ್ದು ಹೋದೆ ಕಣೇ! ಆಗ ಇದು ಬರೀ ಕುರ್ಚಿ ಆಗಿತ್ತು!"

ಕೆಲವು ದಿನಕ್ಕೆ ಅತ್ತೆಗೆ ಮಣ್ಣಿನ ಕುಂಡಗಳೇ ಬೇಸರವಾದವು. ಮೂತಿ ಮುರಿದ ಜಗ್ಗು, ಹಿಡಿ ಕಳಚಿದ ಕುಕ್ಕರ್, ಹಳೇ ಇಡ್ಲಿ ತಟ್ಟೆ, ಎಲ್ಲದರಲ್ಲೂ ದಪ್ಪೆಲೆ ತಲೆ ಎತ್ತಿತು. ಕೊನೆಗೆ ಮೊಳೆಗೆ ನೇತಾಡುತ್ತಿದ್ದ ಮಾವನ ಹೆಲ್ಮೆಟ್ಟೂ ಅಂಗಾತ ಮಲಗಿ ಮಣ್ಣು ತುಂಬಿಸಿಕೊಂಡಿತು. ಮಾವನ ಗ್ರಹಚಾರ, ಆಗಲೇ ಹೆಲ್ಮೆಟ್ ತಪಾಸಣೆ ಜೋರಾಗಬೇಕೆ? ಕುಮಾರಸ್ವಾಮಿ ಲೇಔಟ್ ಹತ್ತಿರ ಪೊಲೀಸಿನವನು ಅವರ ಸ್ಕೂಟರಿಗೆ ಕೈ ಅಡ್ಡ ಹಾಕಿದ.

"ಹೆಲ್ಮೆಟ್ ಎಲ್ಲಿ ಸಾರ್?"

"ಮನೇಲಿದೆ."

"ಮನೇಲಿಟ್ಟು ಏನ್ ಮಾಡ್ತೀರ?"

"ಅದರಲ್ಲಿ ಗಿಡ ಹಾಕಿದಾರೆ ಸಾರ್, ನಮ್ಮನೆಯವ್ರು."

ಅವನು ಮಾವನ ಮುಖವನ್ನೇ ದಿಟ್ಟಿಸಿದ. "ಇಷ್ಟು ವರ್ಷದ ಸರ್ವಿಸಲ್ಲಿ ಏನೇನೋ ಕೇಳಿದೀನಿ. ಇದು ಹೊಸದು. ಹೋಗಿ ಸಾರ್!"

ಮಾವ ಮನೆಗೆ ಬಂದು ಬೆವರೊರೆಸಿಕೊಂಡು ಕಥೆಯೆಲ್ಲ ಹೇಳಿದರೆ ಅತ್ತೆ ಕೇಳಿದ್ದು ಒಂದೇ ಮಾತು: "ಯಾವ ಗಿಡ ಅಂತ ಕೇಳ್ಲಿಲ್ವಾ?"

ಇನ್ನು ಪಾರ್ಕಿನ ಸ್ಪರ್ಧೆ. ಬಡಾವಣೆಯವರು ಕುಂಡಗಳ ಪ್ರದರ್ಶನ ಇಟ್ಟಿದ್ದರು, ಚಂದದ ಕುಂಡಕ್ಕೆ ಬಹುಮಾನ. ಅತ್ತೆ ಬೆಳಗ್ಗೆಯೇ ಹೋಗಿ ತಮ್ಮದನ್ನು ಮೇಜಿನ ಮೇಲಿಟ್ಟರು. ತೀರ್ಪುಗಾರರು ಬರುವುದು ತಡವಾಯಿತು. ಅಷ್ಟು ಹೊತ್ತು ಸುಮ್ಮನಿರಲು ಆ ಕೈಗಳಿಗೆ ಸಾಧ್ಯವೇ? ಪಕ್ಕದಲ್ಲಿದ್ದ ಎದುರುಮನೆ ಆಂಟಿಯ ಕುಂಡದಲ್ಲಿ ಗಿಡವೊಂದು ವಾಲಿತ್ತು. ಅದನ್ನು ನೆಟ್ಟಗೆ ಮಾಡಿದರು. ನೆಟ್ಟಗಾದ ಮೇಲೆ ಕಲ್ಲು ಸರಿಯಿಲ್ಲ ಅನ್ನಿಸಿತು, ಕಲ್ಲು ಜೋಡಿಸಿದರು. ಆಮೇಲೆ ತಮ್ಮ ಕುಂಡ ನೋಡಿಕೊಂಡರೆ ಅದೇ ಸಪ್ಪೆ ಕಂಡಿತು! ಸರಿ, ಬುಡಸಮೇತ ಕಿತ್ತರು. ಅದೇ ಹೊತ್ತಿಗೆ ತೀರ್ಪುಗಾರರು ಎದುರಿಗೆ ಬಂದು ನಿಂತರು.

"ಇದೇನಮ್ಮ, ಬರೀ ಮಣ್ಣು?"

"ಒಂದೇ ನಿಮಿಷ ಸಾರ್, ಸೀರೆ ಉಡಿಸ್ತಿದೀನಿ!"

ಮೊದಲ ಬಹುಮಾನ ಎದುರುಮನೆ ಆಂಟಿಗೆ. ಅತ್ತೆ ಇಡೀ ರಸ್ತೆಗೆ ಕೇಳುವಂತೆ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು!

ಇಷ್ಟೆಲ್ಲ ನಗುತ್ತಾ ಹೇಳುತ್ತಿರುವ ನನಗೆ ಒಂದು ಮಧ್ಯಾಹ್ನ ಮಾತ್ರ ಇವತ್ತಿಗೂ ನಗುತ್ತಾ ಹೇಳಲು ಬರುವುದಿಲ್ಲ.

ನನ್ನ ಮದುವೆ ಗೊತ್ತಾಗಿತ್ತು. ಲಗ್ನಪತ್ರಿಕೆ ಅಚ್ಚಿಗೆ ಹೋಗಬೇಕು ಅನ್ನುವಾಗ ಹುಡುಗನ ಕಡೆಯವರು ಫೋನ್ ಮಾಡಿ ಬೇಡ ಅಂದುಬಿಟ್ಟರು. ಕಾರಣ ಹೇಳಲಿಲ್ಲ. ಜೆ.ಪಿ. ನಗರದ ನಮ್ಮ ಮನೆ ನೆಂಟರಿಂದ ತುಂಬಿಹೋಯಿತು. ಒಬ್ಬರು ಜಾತಕ ತೆಗೆಸಿ ಅಂದರು, ಒಬ್ಬರು ಒಳ್ಳೇದೇ ಆಯ್ತು ಬಿಡಿ ಅಂದರು, ಇನ್ನೊಬ್ಬರು ಆಗಲೇ ಬೇರೆ ಹುಡುಗನ ಫೋಟೋ ತಂದಿದ್ದರು. ನಾನು ರೂಮಿನ ಬಾಗಿಲು ಹಾಕಿಕೊಂಡೆ. ಯಾರು ಕರೆದರೂ ತೆಗೆಯಲಿಲ್ಲ.

"ಪುಟ್ಟೀ, ತೆಗಿಯೇ. ಕೈ ನೋಯ್ತಿದೆ."

ಅತ್ತೆ. ಬಾಗಿಲು ತೆಗೆದೆ. ಆಟೋದಲ್ಲಿ ಮಣ್ಣಿನ ಚೀಲ, ಒಂದು ಖಾಲಿ ಕುಂಡ, ಒಂದಷ್ಟು ಗಿಡ ಹೊತ್ತು ಬಂದಿದ್ದರು. ಏನಾಯಿತು ಅಂತ ಕೇಳಲಿಲ್ಲ. ನೆಲದ ಮೇಲೆ ಹಳೇ ಪೇಪರ್ ಹಾಸಿ, ಮಣ್ಣು ಸುರಿದು, "ಗಂಟು ಒಡಿ" ಅಂದರು. ಒಡೆದೆ. "ಇದನ್ನ ಹಿಡ್ಕೋ" ಅಂದರು. ಹಿಡಿದುಕೊಂಡೆ. ಒಂದೊಂದೇ ಗಿಡ ಕುಂಡಕ್ಕಿಳಿಯಿತು. ಹೊರಗೆ ಯಾರೋ ಹುಡುಗನ ಮನೆಯವರನ್ನು ಬೈಯುತ್ತಿದ್ದುದು ಕೇಳಿಸುತ್ತಿತ್ತು. ಬೇರಿಗೆ ಮಣ್ಣು ಒತ್ತುತ್ತಿದ್ದವಳಿಗೆ ಯಾಕೋ ತಡೆಯಲಾಗಲಿಲ್ಲ. ಕಣ್ಣೀರು ತೊಟತೊಟನೆ ಕುಂಡದೊಳಗೇ ಬಿತ್ತು.

ಅತ್ತೆ ಗಾಬರಿಯಿಂದ ಕುಂಡವನ್ನು ಆಚೆ ಎಳೆದರು. "ಅಯ್ಯೋ, ಅದರ ಮೇಲೆ ಅಳಬೇಡ ಕಣೇ! ಇದಕ್ಕೆ ನೀರು ಜಾಸ್ತಿಯಾದ್ರೆ ಕೊಳೆತು ಹೋಗತ್ತೆ!"

ನಾನು ಬೆಪ್ಪಾಗಿ ಅವರ ಮುಖ ನೋಡಿದೆ. ಮಣ್ಣಾದ ಕೈಯಲ್ಲೇ ಅವರು ನನ್ನ ತಲೆಯನ್ನು ತಮ್ಮ ಹೆಗಲಿಗೆ ಎಳೆದುಕೊಂಡರು.

"ನನ್ನ ಮೇಲೆ ಅಳು. ನಂಗೇನೂ ಆಗಲ್ಲ."

ಅಮ್ಮ ಬಾಗಿಲಿಗೆ ಬಂದು ಊಟಕ್ಕೆ ಕರೆದಳು. ಅತ್ತೆ ಕೂತಲ್ಲಿಂದಲೇ ಮೆಲ್ಲಗೆ ಹೇಳಿದರು: "ನೀವೆಲ್ಲ ಶುರು ಮಾಡಿ ಅತ್ತಿಗೆ. ನಮ್ಮದಿನ್ನೂ ಸ್ವಲ್ಪ ಹೊತ್ತಾಗತ್ತೆ."