ಮಾಸು ನೋಡುವ ದೊಡ್ಡಮ್ಮ

ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಜನ ಕೂಸು ನೋಡಲು ಹೋಗುತ್ತಾರೆ. ನಮ್ಮ ದೊಡ್ಡಮ್ಮ ಮಾಸು ನೋಡಲು ಹೋಗುತ್ತಾರೆ! ಹೌದು, ಕೂಸಿನ ಹಿಂದೆಯೇ ಹೊರಬೀಳುವ, ಎಲ್ಲರೂ ಮೂಗು ಮುಚ್ಚಿಕೊಂಡು ಮಣ್ಣು ಮಾಡುವ ಅದೇ ಮಾಸು. "ಕೂಸ ನೋಡಕ್ಕೆ ಊರೇ ಐತೆ. ಪಾಪ, ಇದನ್ನ ಕೇಳೋರು ಯಾರವ್ರೆ?" ಅನ್ನುತ್ತಾರೆ.

ಇವರು ನನ್ನಮ್ಮನ ಅಕ್ಕ. ಕುದೇರಿನಲ್ಲಿ ಹುಟ್ಟಿ, ಮೈಸೂರಿನ ಲ್ಯಾಬೊಂದರಲ್ಲಿ ಸಂಶೋಧನೆ ಮಾಡುತ್ತಲೇ ತಲೆ ನರೆಸಿಕೊಂಡವರು. ಬಸುರಿಯರಿಗೆ ಬಿಪಿ ಯಾಕೆ ಏರುತ್ತದೆ, ಮಾಸು ಎಲ್ಲಿ ಎಡವುತ್ತದೆ ಎಂಬುದೇ ಜೀವಮಾನದ ಕೆಲಸ. ದೊಡ್ಡ ಕೆಲಸವೇ, ಇಲ್ಲ ಅನ್ನುವುದಿಲ್ಲ. ಆದರೆ ಅದನ್ನು ಮದುವೆ ಊಟದ ಪಂಕ್ತಿಯಲ್ಲಿ ವಿವರಿಸಬೇಕೆ? ಪಕ್ಕದೆಲೆಯ ಹಿರಿಯರೊಬ್ಬರು "ತಾಯಿ, ಏನ್ ಕೆಲ್ಸ ನಿಮ್ದು?" ಎಂದು ಕೇಳಿದ್ದೇ ತಪ್ಪಾಯಿತು. "ಮಾಸು ಅಂದ್ರೆ ಕೂಸಿನ ಅಡುಗೆಮನೆ. ತಾಯಿ ರಕ್ತ ಅಲ್ಲಿಗೆ ಹರಿಯೋ ತೂಬು ಸರಿಯಾಗಿ ತೆರೀಲಿಲ್ಲ ಅನ್ಕೊಳ್ಳಿ..." ಎನ್ನುತ್ತಾ ಎಲೆಯ ಮೇಲೆ ಬೆರಳಲ್ಲಿ ಕಾಲುವೆ ತೋಡಿ ಪಾಯಸ ಹರಿಸಿದರು. ಹಿರಿಯರು ಮಜ್ಜಿಗೆಗೂ ಕಾಯದೆ ಎದ್ದರು!

ಕುದೇರಿನ ಸೋದರಮಾವನ ಹಸು ಈದಾಗಿನ ಕಥೆಯಂತೂ ಕೇಳಲೇಬೇಡಿ. ಹಸುವಿನ ಮಾಸನ್ನು ಹುಲ್ಲಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟಿದರೆ, ಹಾಲು ಸೋರುವ ಆ ಮರದ ಹಾಗೆ ಹಸುವೂ ಹಾಲು ಸುರಿಸುತ್ತದೆ ಎಂದು ನಮ್ಮ ಕಡೆ ನಂಬಿಕೆ. ಮಾವ ಕಟ್ಟಿ ಇಳಿದರೋ ಇಲ್ಲವೋ, ದೊಡ್ಡಮ್ಮ ಸೆರಗು ಸಿಕ್ಕಿಸಿ ಮರದ ಬುಡದಲ್ಲಿ ಹಾಜರು!

"ಇಳಿಸ್ಲಾ ಅದ. ಒಂದ್ಗಳಿಗೆ ನೋಡ್ಬುಟ್ಟು ಕೊಡ್ತೀನಿ."

"ಅಕ್ಕಾ, ಹಸ ಹಾಲು ಕೊಡಾಕಿಲ್ಲ ಕಣಕ್ಕ!"

"ನಿಂಗೆ ಕೊಡ್ದಿದ್ರೆ ಕರುಗಾದ್ರೂ ಕೊಡ್ತದೆ, ಇಳಿಸು!"

ಹುಲ್ಲು ಬಿಚ್ಚಿದವರೇ "ನೋಡ್ಲಾ, ಅಂಗಿಗೆ ಗುಂಡಿ ಹೊಲಿದಂಗೆ ಗಂಟುಗಳು ಸಾಲಾಗವೆ!" ಎಂದು ಹಿಗ್ಗಿದರು. ಆಮೇಲೆ ಇನ್ನೂ ಮೇಲಿನ ಕೊಂಬೆಗೆ ಕಟ್ಟಿಸಿದರು. ಹಸು ಆ ಸಲ ಹಾಲಿನ ಹೊಳೆಯನ್ನೇ ಹರಿಸಬೇಕೆ? ಈಗ ಕುದೇರಿನಲ್ಲಿ ಯಾರ ಹಸು ಈದರೂ "ಮಾಸಿನಕ್ಕ ಊರಿಗೆ ಬಂದವ್ರಾ?" ಎಂದು ಕೇಳಿಕೊಂಡು ಬರುತ್ತಾರೆ. ಪಿಎಚ್‌ಡಿ ಸಾರ್ಥಕ!

ಇನ್ನೊಂದು ಚಾಳಿ, ಬಸುರಿಯರ ಕಾಲು ಒತ್ತಿ ನೋಡುವುದು. ಗುಂಡ್ಲುಪೇಟೆಯ ಗಂಡನ ಮನೆಯಲ್ಲಿ ನನ್ನ ಸೀಮಂತ. ಕಾಲುಂಗುರ ಬೆರಳಿಗೆ ಕಚ್ಚಿಕೊಂಡಿತ್ತು, ಮುಖ ಊದಿಕೊಂಡಿತ್ತು. ನಮ್ಮತ್ತೆಗೆ ಹೆಮ್ಮೆಯೋ ಹೆಮ್ಮೆ. "ಬಂದಾಗ ಕಡ್ಡಿ ಹಂಗಿದ್ಲು. ನಮ್ಮನೆ ಅನ್ನ ತಿಂದು ಹೆಂಗ್ ಮೈ ತುಂಬ್ಕಂಡವ್ಳೆ ನೋಡಿ!" ಬಂದವರೆಲ್ಲ ಹೂಂಗುಟ್ಟಿದರು. ದೊಡ್ಡಮ್ಮ ಮಾತ್ರ ಬಳೆಯ ತಟ್ಟೆ ಪಕ್ಕಕ್ಕಿಟ್ಟು ನನ್ನ ಕಾಲಿಗೆ ಬಗ್ಗಿದರು. ಹಿರಿಯರು ಕಿರಿಯರ ಕಾಲು ಮುಟ್ಟುವುದೆ! ಸಭೆಯೇ ಹೌಹಾರಿತು.

"ಅಯ್ಯೋ ದೊಡ್ಡಮ್ಮ, ಬುಡಿ!"

"ಸುಮ್ನೆ ಕೂರಮ್ಮಿ, ನಮಸ್ಕಾರ ಅಲ್ಲ!"

ಹೆಬ್ಬೆರಳು ಒತ್ತಿ ತೆಗೆದರು. ಕಾಲಲ್ಲಿ ಗುಳಿ ಬಿತ್ತು. ಬಿದ್ದ ಗುಳಿ ಮುಚ್ಚಲೇ ಇಲ್ಲ. "ತಲೆ ನೋಯ್ತದಾ? ಕಣ್ಣು ಮಂಜಾ?" ಎಂದು ಕೇಳಿದರು. ಹೂಂ ಅಂದೆ.

"ಮೈ ತುಂಬಿಲ್ಲ, ನೀರು ತುಂಬೈತೆ. ಕಾರ್ ತೆಗೀರಿ!"

"ಆರತಿ ಒಂದಾಗ್ಬುಡ್ಲಿ..." ಎಂದರು ಅತ್ತೆ.

"ಕೂಸು ಬಂದ್ಮೇಲೆ ಇಬ್ರಿಗೂ ಸೇರ್ಸಿ ಎತ್ತನ!"

ಚಾಮರಾಜನಗರದ ಆಸ್ಪತ್ರೆಯಲ್ಲಿ ಬಿಪಿ ನೋಡಿದ ನರ್ಸ್ ಇನ್ನೊಂದು ಸಲ ನೋಡಿದಳು. ಕೂಸಿಗೆ ರಕ್ತ ಸರಿಯಾಗಿ ಹೋಗುತ್ತಿಲ್ಲ, ಈಗಲೇ ಹೊರತೆಗೆಯಬೇಕು, ತಡವಾದರೆ ತಾಯಿಗೂ ಅಪಾಯ ಎಂದರು ಡಾಕ್ಟರು. ಇಷ್ಟು ವರ್ಷ ಲ್ಯಾಬಿನಲ್ಲಿ ದೊಡ್ಡಮ್ಮ ಹುಡುಕುತ್ತಿದ್ದ ಕಾಯಿಲೆ ಅವರ ಮನೆಗೇ ಬಂದಿತ್ತು. ನಾನು ತಮಾಷೆಗೆ "ಈ ಮಾಸು ನಿಮ್ಗೇ ದೊಡ್ಡಮ್ಮ" ಅಂದೆ. ಅವರು ನಗಲಿಲ್ಲ.

ಆಪರೇಷನ್ ಮುಗಿಸಿ ವಾರ್ಡಿಗೆ ತಂದಾಗ ಮಂಚದ ಪಕ್ಕ ಅವರೇ ನಿಂತಿದ್ದರು.

"ಅತ್ತಳು ಕಣಮ್ಮಿ! ಅಂಗೈ ಅಗಲ ಅವ್ಳೆ, ಅಷ್ಟ್ ದೂರದ ಉಮ್ಮತ್ತೂರಿಗೆ ಕೇಳೋ ಹಂಗೆ ಅತ್ತಳು! ಮೂಗು ನಿಂದೇಯ. ನನ್ನ ಬೆರಳ ಹಿಡ್ಕಂಡು ಬುಡ್ಲೇ ಇಲ್ಲ ಕಣಮ್ಮಿ!"

"ಮಾಸು ಹೆಂಗಿತ್ತು ದೊಡ್ಡಮ್ಮ?"

ಅವರು ಹಣೆ ಚಚ್ಚಿಕೊಂಡರು.

"ಅಯ್ಯೋ! ನೋಡೋದೇ ಮರ್ತ್‌ಬುಟ್ಟೆ ಕಣಮ್ಮಿ!"

ಅಂದವರೇ ಸೆರಗು ಮುಖಕ್ಕೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ನಾನು ಅವರ ಕೈ ಎಳೆದುಕೊಂಡು, ನನ್ನ ಕಾಲೊತ್ತಿ ನೋಡಿದ ಆ ಹೆಬ್ಬೆರಳನ್ನು ಕಣ್ಣಿಗೊತ್ತಿಕೊಂಡೆ.