ಸೂಪಿಗೆ ಸೋತ ತಟ್ಟೆಯವರಿಗೆ ಒಂದು ಬಹಿರಂಗ ಪತ್ರ

ಕಬ್ಬಿನ ಸಿಪ್ಪೆಯ ಕುಲದಲ್ಲಿ ಹುಟ್ಟಿ, ಅಚ್ಚಿನಲ್ಲಿ ಆಕಾರ ಪಡೆದು, ಅಂಗಡಿಯ ಅಟ್ಟದಿಂದ ನಮ್ಮ ಊಟದ ಮೇಜಿಗೆ ಕೃಪೆಮಾಡಿ ಇಳಿದುಬಂದ ಮಾನ್ಯ ಪರಿಸರಸ್ನೇಹಿ ತಟ್ಟೆಯವರೇ,

ತಮಗೂ, ತಮ್ಮ ಜೊತೆಗೇ ಪೊಟ್ಟಣದಲ್ಲಿ ಬಂದ ಮರದ ಚಮಚ ಸಹೋದರರಿಗೂ ನನ್ನ ಸವಿನಯ ವಂದನೆಗಳು. ತಾವು ಬಹುಬೇಗ ಮಣ್ಣಾಗುವವರೆಂದು ಪೊಟ್ಟಣದ ಮೇಲೆಯೇ ಬರೆದಿರುವುದರಿಂದ, ಕ್ಷೇಮಸಮಾಚಾರ ಕೇಳುತ್ತ ತಮ್ಮ ಅಲ್ಪಾಯುಷ್ಯವನ್ನು ವ್ಯರ್ಥಮಾಡದೆ ನೇರವಾಗಿ ದೂರಿಗೆ ಬರುತ್ತೇನೆ.

ಭಾನುವಾರ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದು ನಮ್ಮ ಮನೆಯ ಪದ್ಧತಿ. ಅಡುಗೆ ನನ್ನ ಹೆಂಡತಿಯದು, ಮೇಲ್ವಿಚಾರಣೆ ಅಮ್ಮನದು, ಹೊಗಳಿಕೆ ನನ್ನದು. ಪಾತ್ರೆ ತೊಳೆಯುವುದು ಮಾತ್ರ, ಯಾವ ಸಭೆಯೂ ಸೇರಿ ಠರಾವು ಮಾಡದಿದ್ದರೂ, ಪಕ್ಕದ ಬೀದಿಯಿಂದ ಬರುವ ನನ್ನ ತಂಗಿಯದು. ಆಕೆಯ ಗಂಡ, ಅಂದರೆ ನನ್ನ ಭಾವ, ಕೊಳಾಯಿ ರಿಪೇರಿಯವರು. "ವಾರವೆಲ್ಲಾ ಸಿಂಕಿನ ಕೆಳಗೇ ಮಲಗಿರ್ತೀನಿ, ಇವತ್ತೊಂದಿನ ಅದರ ಮುಖ ತೋರಿಸ್ಬೇಡಿ" ಎಂದು ಕೈಮುಗಿಯುತ್ತಾರೆ. ನಾನೋ, ಸಿಂಕಿನ ಪಕ್ಕ ನಿಂತು, ತಂಗಿ ಉಜ್ಜುವ ತಾಳಕ್ಕೆ ಪ್ರಾಸ ಕಟ್ಟಿ ಹೇಳಿ ಆಕೆಯ ಭಾರ ಇಳಿಸುತ್ತಿದ್ದೇನೆಂದು ನಂಬಿದ್ದೆ. ಕೆಲವು ತಿಂಗಳ ಹಿಂದೆ ಆಕೆ ಕೈಯಲ್ಲಿದ್ದ ನಾರನ್ನು ಕೆಳಗೆ ಎಸೆದು, "ಅಣ್ಣಾ, ನಿನ್ನ ಪ್ರಾಸಕ್ಕೆ ಜಿಡ್ಡು ಹೋಗಲ್ಲ. ಬರೋ ಭಾನುವಾರವೂ ಈ ರಾಶಿ ನನ್ನ ತಲೆಗೇ ಬಂತೋ, ಅವರವರ ಮನೇಲಿ ಅವರವರು ಉಣ್ಣೋಣ. ನಾನಂತೂ ಈ ಕಡೆ ತಲೆ ಹಾಕಲ್ಲ" ಎಂದಳು. ಅಮ್ಮನ ಮುಖ ಅಂಗೈಯಷ್ಟಾಯಿತು. ವಾರವಿಡೀ ಅವಳು ಎದುರುನೋಡುವುದು ಆ ಒಂದು ಊಟವನ್ನೇ.

ಹೀಗಾಗಿ, ಮಾನ್ಯರೇ, ಒಂದು ಕುಟುಂಬದ ಒಗ್ಗಟ್ಟನ್ನು ತಮ್ಮ ಅಂಚಿನ ಮೇಲೆ ಹೊರಿಸುವ ಘನ ಉದ್ದೇಶದಿಂದ ನಾನು ಅಂಗಡಿಗೆ ಬಂದೆ. ಒಣ ಎಲೆಯವರು, ಬಿದಿರಿನವರು, ದಪ್ಪ ಕಾಗದದವರು ಎಲ್ಲರೂ ಸಾಲಾಗಿ ಕೂತಿದ್ದರು. ಅಂಗಡಿಯಾಕೆ, "ಬಿಸಿ ಪದಾರ್ಥಕ್ಕೆ ಎಲೇದು ತಗೊಳ್ಳಿ ಸಾರ್, ಗಟ್ಟಿ" ಎಂದು ಕಳಕಳಿಯಿಂದ ಹೇಳಿದರು. ಆದರೆ ತಮ್ಮ ಪೊಟ್ಟಣದ ಮೇಲೆ 'ಉಂಡ ಮೇಲೆ ಎಸೆಯಿರಿ, ಮಣ್ಣಿನೊಡನೆ ಬೆಸೆಯಿರಿ' ಎಂದಿತ್ತು. ಇಷ್ಟು ಚೆಂದವಾಗಿ ಪ್ರಾಸ ಕೂಡಿಸಿದವರು ತಳ ಕೂಡಿಸುವುದರಲ್ಲಿ ತಪ್ಪುವರೇ ಎಂದುಕೊಂಡು, ಗಟ್ಟಿಯವರನ್ನು ಬಿಟ್ಟೆ, ತಮ್ಮ ಮೇಲೆ ಮನಸ್ಸಿಟ್ಟೆ, ಮುಂದೆ ಕೆಟ್ಟೆ.

ಬಿಸಿ ತರಕಾರಿ ಸೂಪು ತಮ್ಮ ಮಡಿಲಿಗೆ ಬಿದ್ದ ಗಳಿಗೆಯಲ್ಲಿ ತಾವು ತೋರಿದ ವಿನಯವನ್ನು ಯಾವ ಮಾತಿನಿಂದ ಬಣ್ಣಿಸಲಿ? ಅಷ್ಟೊಂದು ಬಾಗುವ ಗುಣವನ್ನು ನಾನು ಯಾವ ಕಚೇರಿಯಲ್ಲೂ ಕಂಡಿಲ್ಲ. ಮೊದಲು ತಮ್ಮ ತಳ ಮೆತ್ತಗಾಯಿತು, ಆಮೇಲೆ ನನ್ನ ಧ್ವನಿ ಮೆತ್ತಗಾಯಿತು, ಕೊನೆಗೆ ಭಾವನವರ ಪ್ಯಾಂಟು ಒದ್ದೆಯಾಯಿತು. "ಈ ಥರ ಸೋರೋ ಪೈಪನ್ನ ನಾನು ಹುಟ್ಟಿದಾರಭ್ಯ ನೋಡಿಲ್ಲ" ಎಂದು ಅವರು ವೃತ್ತಿಗೌರವದಿಂದಲೇ ತಲೆದೂಗಿದರು. "ಅಯ್ಯೋ, ಹೊಸ ಮೇಜಿನ ಬಟ್ಟೆ!" ಎಂದು ಕಿರುಚಿದ ನನ್ನ ಹೆಂಡತಿ, ಪ್ರತಿಯೊಬ್ಬ ಪರಿಸರಸ್ನೇಹಿಯ ಕೆಳಗೂ ಒಂದೊಂದು ಸ್ಟೀಲ್ ತಟ್ಟೆಯನ್ನು ಅಂಗರಕ್ಷಕನಂತೆ ನಿಲ್ಲಿಸಿದಳು. ಊಟವಾದ ಮೇಲೆ ತಮ್ಮನ್ನು ಎಸೆಯಹೊರಟರೆ, ಹಾಲಿನ ಪೊಟ್ಟಣವನ್ನೂ ತೊಳೆದು ಹಗ್ಗಕ್ಕೆ ಸಿಕ್ಕಿಸುವ ನಮ್ಮಮ್ಮ ಅಡ್ಡ ಬಂದಳು: "ಒಂದೇ ಸಲ ಉಂಡಿರೋ ತಟ್ಟೆ, ಎಸೆಯೋಕೆ ಹೇಗೋ ಮನಸ್ಸು ಬರುತ್ತೆ? ತೊಳೆದಿಟ್ಟರಾಯ್ತು." ಹೀಗೆ ತಮ್ಮ ಕೃಪೆಯಿಂದ ಸಿಂಕಿನಲ್ಲಿ ತಾವೂ, ತಮ್ಮ ಅಂಗರಕ್ಷಕರೂ, ಬದಿಯ ಬಕೆಟ್ಟಿನಲ್ಲಿ ಮೇಜಿನ ಬಟ್ಟೆಯೂ ಬಂದು ಸೇರಿ, ರಾಶಿ ಎರಡು ಪಟ್ಟಾಯಿತು. ತಂಗಿ ಬ್ಯಾಗನ್ನು ಹೆಗಲಿಗೇರಿಸಿದಳು.

ಆದರೆ ಒದ್ದೆಯಾದ ತಮ್ಮನ್ನು ಒಬ್ಬರೇ ತೊಳೆಯುವುದು ಮನುಷ್ಯಮಾತ್ರರಿಂದ ಆಗದು. ಮಗುವಿನಂತೆ ಅಂಗೈ ಮೇಲೆ ಮಲಗಿಸಲು ಒಬ್ಬರು, ಹನಿಹನಿಯಾಗಿ ನೀರು ಬಿಡಲು ಒಬ್ಬರು, ಗಾಳಿ ಬೀಸಲು ಒಬ್ಬರು ಬೇಕು. ಅಮ್ಮ ಹಠ ಬಿಡಲಿಲ್ಲ. ನಾನು ಅಂಗೈ ಚಾಚಿದೆ. ಹೆಂಡತಿ ದಿನಪತ್ರಿಕೆಯಿಂದ ಬೀಸಿದಳು. ಅಮ್ಮ ನಲ್ಲಿ ತಿರುಗಿಸಿದ ರಭಸ ನೋಡಲಾರದೆ ಭಾವ, "ಹಾಗಲ್ಲ ಅತ್ತೆ, ಸರೀರಿ ಸ್ವಲ್ಪ" ಎಂದು ಪ್ಯಾಂಟು ಮಡಚಿಕೊಂಡು ಸಿಂಕಿಗೆ ಬಂದೇಬಿಟ್ಟರು. ಈ ಗದ್ದಲದಲ್ಲಿ ಸ್ಟೀಲ್ ತಟ್ಟೆಗಳನ್ನು ಯಾರು ತೊಳೆದರೋ, ಅವೂ ಬೆಳಗಿ ನಿಂತವು. ಬಾಗಿಲವರೆಗೆ ಹೋಗಿದ್ದ ತಂಗಿ ಹಿಂತಿರುಗಿ ನೋಡಿದಳು, ಬ್ಯಾಗು ಇಳಿಸಿದಳು, ಒಂದು ಕುರ್ಚಿಯಲ್ಲಿ ಕೂತು ಇನ್ನೊಂದರ ಮೇಲೆ ಕಾಲು ಚಾಚಿ, ಉಳಿದ ಸೂಪನ್ನು ಬಟ್ಟಲಿಗೆ ಬಗ್ಗಿಸಿಕೊಂಡು, ಬಿಕ್ಕಳಿಕೆ ಬರುವಷ್ಟು ನಕ್ಕಳು. "ಅಣ್ಣಾ, ಬರೋ ವಾರಾನೂ ಇವನ್ನೇ ತಗೊಂಬಾ. ಗಟ್ಟಿದು ಏನಾದ್ರೂ ತಂದ್ಯೋ, ನಾನು ಬರಲ್ಲ ನೋಡು!"

ಆದಕಾರಣ ತಮ್ಮಲ್ಲಿ ಬಿನ್ನಹವೇನೆಂದರೆ, ದಯಮಾಡಿ ತಾವು ಸುಧಾರಿಸಬಾರದು. ಕಾರ್ಖಾನೆಯವರು ತಮ್ಮ ತಳ ದಪ್ಪ ಮಾಡಲು ಬಂದರೆ ಧರಣಿ ಕೂರಬೇಕು. ಸಾಧ್ಯವಾದರೆ ಭಾವನವರ ಪ್ಯಾಂಟಿನ ಬಣ್ಣವನ್ನು ಮೊದಲೇ ವಿಚಾರಿಸಿಕೊಂಡು ಸೋರಬೇಕು. ಬಾಯಿಗೆ ಹೋಗುವ ಮೊದಲೇ ಎಳೆ ಬಿಡುವ ಚಮಚ ಸಹೋದರರು, ತಾವು ಹಲ್ಲುಕಡ್ಡಿಯೋ ಚಮಚವೋ ಎಂಬುದನ್ನು ಊಟಕ್ಕೆ ಮುಂಚೆ ತೀರ್ಮಾನಿಸಬೇಕು.

ತಮ್ಮ ಸೋರಿಕೆಯಲ್ಲಿ ಅಚಲ ನಂಬಿಕೆಯಿಟ್ಟು, ಸಿಂಕಿನೆದುರು ಅಂಗೈ ಚಾಚಿ ನಿಂತಿರುವ

ತಮ್ಮ ವಿಶ್ವಾಸಿ,
ತಂಗಿಯ ಅಣ್ಣ

ತಾ.ಕ.: ಅಂದು ಬ್ರೆಡ್ಡಷ್ಟೇ ಹೊತ್ತು ಬಚಾವಾಗಿದ್ದ ತಮ್ಮ ಬಳಗದ ಒಬ್ಬರನ್ನು, ಪೊಟ್ಟಣದ ಆಣತಿಯಂತೆ, ಬಾಲ್ಕನಿಯ ಹೂಕುಂಡದಲ್ಲಿ ಗೌರವದಿಂದ ಹೂತಿದ್ದೆವು. ಎಲ್ಲಿ ಕರಗಬೇಕು, ಎಲ್ಲಿ ಕರಗಬಾರದು ಎಂಬ ಪಾಠವನ್ನು ತಮ್ಮವರು ತಿರುವುಮುರುವಾಗಿ ಓದಿಕೊಂಡಂತಿದೆ. ಸೂಪಿನಲ್ಲಿ ಗಳಿಗೆ ನಿಲ್ಲದ ವಂಶದವರು ಮಣ್ಣಿನಲ್ಲಿ ತಿಂಗಳುಗಟ್ಟಲೆ ಮುಕ್ಕಾಗದೆ ಕೂತಿದ್ದರು. ಮೊನ್ನೆ ಅಮ್ಮ ಅವರನ್ನು ಅಗೆದು ತೆಗೆದು, ಒರೆಸಿ, "ನೋಡು, ಎಷ್ಟು ಗಟ್ಟಿಯಾಗಿದೆ, ಎಸೆಯೋಕೆ ಹೊರಟಿದ್ದೆಯಲ್ಲ" ಎಂದು ಕಪಾಟಿನಲ್ಲಿ ಸ್ಟೀಲ್ ತಟ್ಟೆಗಳ ಮೇಲೆ ಕೂರಿಸಿದ್ದಾಳೆ.